ವಯಸ್ಸಾದವರ ಬಾತ್‌ರೂಮಿಗೆ ಆರ್11 ಟೈಲ್ಸ್ ಸಾಕಾ?

ಅಪ್ಪ ವಾಕರ್ ಹಿಡಿದು ನಡೆಯುತ್ತಾರೆ, ಅಮ್ಮನಿಗೆ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶವೇ ಸರಿಯಾಗಿ ಗೊತ್ತಾಗುವುದಿಲ್ಲ, ಅಂಗಡಿಯವರು ಆರ್11 ಆ್ಯಂಟಿ ಸ್ಕಿಡ್ ಟೈಲ್ಸ್ ಸಾಕು ಅಂದರು, ನಂಬಬಹುದಾ ಅಂತ ಕೇಳಿದ್ದೀರಿ. ಆ ಒಂದು ನಂಬರ್ ನೋಡಿ ತೀರ್ಮಾನ ಮಾಡಬೇಡಿ.

ಆರ್9ರಿಂದ ಆರ್13ರವರೆಗಿನ ಈ ದರ್ಜೆ ಬರುವುದು ಬೂಟು ಹಾಕಿಕೊಂಡು ಮಾಡುವ ಪರೀಕ್ಷೆಯಿಂದ. ಎಣ್ಣೆ ಸವರಿದ ನೆಲದ ಮೇಲೆ ಒಬ್ಬರನ್ನು ನಡೆಸುತ್ತಾರೆ, ನೆಲವನ್ನು ನಿಧಾನವಾಗಿ ಓರೆ ಮಾಡುತ್ತಾ ಎಲ್ಲಿ ಜಾರುತ್ತಾರೆ ಅಂತ ನೋಡುತ್ತಾರೆ. ಕಾರ್ಖಾನೆಗೆ, ದೊಡ್ಡ ಅಡುಗೆಮನೆಗೆ ಅದು ಸರಿ. ಆದರೆ ನಿಮ್ಮ ಅಪ್ಪ ಅಮ್ಮ ಬಾತ್‌ರೂಮಿನಲ್ಲಿ ಇರುವುದು ಬರಿಗಾಲಲ್ಲಿ, ಸೋಪಿನ ನೀರಿನ ಮೇಲೆ, ಅಲ್ವಾ? ಬರಿಗಾಲು ಮತ್ತು ಸೋಪಿನ ನೀರಿಗೆಂದೇ ಬೇರೆ ಪರೀಕ್ಷೆ ಇದೆ: ಜರ್ಮನಿಯ ಮಾನದಂಡವಾದ ಡಿಐಎನ್ (DIN) 51097. ಅದರಲ್ಲಿ ಎ, ಬಿ, ಸಿ ಅಂತ ಮೂರು ದರ್ಜೆ. ಎ ಅಂದರೆ 12 ಡಿಗ್ರಿ ಓರೆಯವರೆಗೆ ಹಿಡಿತ, ಬಿ 18, ಸಿ 24. ಸ್ನಾನದ ಜಾಗಕ್ಕೆ ಕಡಿಮೆ ಅಂದರೂ ಬಿ ಇರಲಿ. ಅಂಗಡಿಯವರಿಗೆ ಇದು ಗೊತ್ತಿಲ್ಲದಿದ್ದರೆ ಕಂಪನಿಯ ಟೈಲ್ಸ್ ವಿವರದ ಹಾಳೆ ಕೇಳಿ.

ಹಾಗಂತ ಜಾಸ್ತಿ ಒರಟು ಇದ್ದಷ್ಟೂ ಒಳ್ಳೆಯದು ಅಂತಲ್ಲ. ನಮ್ಮ ಮಾವನವರಿಗೆ ಪಾರ್ಕಿನ್ಸನ್ಸ್ ಇತ್ತು. ಪಾದ ಎತ್ತದೆ ಎಳೆದುಕೊಂಡು ನಡೆಯುತ್ತಿದ್ದರು. ಅಂಥವರಿಗೆ ತೀರಾ ಒರಟು ನೆಲದಲ್ಲಿ ಕಾಲು ಸಿಕ್ಕಿಕೊಂಡು ಮುಗ್ಗರಿಸುವ ಭಯ. ನಿಮ್ಮ ಅಮ್ಮನ ವಿಷಯದಲ್ಲಿ ಇನ್ನೊಂದು ಅಪಾಯ: ಮರಳು ಕಾಗದದಂಥ ನೆಲ ಪಾದ ತರಚಿದರೂ ಅವರಿಗೆ ಗೊತ್ತಾಗುವುದಿಲ್ಲ, ಸಕ್ಕರೆ ಕಾಯಿಲೆಯಲ್ಲಿ ಆ ಗಾಯ ಬೇಗ ಮಾಯುವುದೂ ಇಲ್ಲ. ಒರಟು ಟೈಲ್ಸಿನ ಸಂದಿಗಳಲ್ಲಿ ಸೋಪಿನ ಜಿಡ್ಡು ಕೂರುತ್ತದೆ. ಅದನ್ನು ಉಜ್ಜಿ ತೊಳೆಯದಿದ್ದರೆ ಕೆಲವು ತಿಂಗಳಲ್ಲೇ ಅದೇ ನೆಲ ಜಾರತೊಡಗುತ್ತದೆ.

ಹಾಗಾಗಿ ನನ್ನ ಆಯ್ಕೆ, ಬಿ ದರ್ಜೆಯ, ಹೊಳಪಿಲ್ಲದ (ಮ್ಯಾಟ್ ಫಿನಿಶ್) ಸಣ್ಣ ಟೈಲ್ಸ್. ಸಣ್ಣದಾದಷ್ಟೂ ಟೈಲ್ಸ್ ನಡುವೆ ಸಂದಿ ತುಂಬಿದ ಗ್ರೌಟ್ ಗೆರೆಗಳು ಜಾಸ್ತಿ, ಕಾಲಿಗೆ ಹಿಡಿತವೂ ಜಾಸ್ತಿ. ನೀರು ಹೋಗುವ ಕಡೆಗೆ ವಾಟ ಕೊಡುವುದೂ ಸುಲಭ. ವಾಟ ಒಂದು ಮೀಟರಿಗೆ ಒಂದೂವರೆಯಿಂದ ಎರಡು ಸೆಂಟಿಮೀಟರ್ ಸಾಕು. ಅದಕ್ಕಿಂತ ಜಾಸ್ತಿ ಆದರೆ ವಾಕರ್ ವಾಲುತ್ತದೆ. ಕೊಳ್ಳುವ ಮುಂಚೆ ಒಂದು ಟೈಲ್ ಮನೆಗೆ ತಂದು ಸೋಪಿನ ನೀರು ಸುರಿದು, ನೀವೇ ಕುರ್ಚಿಯ ಮೇಲೆ ಕುಳಿತು ಹಿಮ್ಮಡಿ ಉಜ್ಜಿ ನೋಡಿ. ಒಣಗಿದ ಟೈಲ್ಸ್ ಮೇಲೆ ಕೈಯಾಡಿಸಿದರೆ ಏನೂ ತಿಳಿಯುವುದಿಲ್ಲ.

ಟೈಲ್ಸ್ ಬದಲು ಸೇಫ್ಟಿ ವಿನೈಲ್ ಶೀಟ್, ಅಂದರೆ ಜಾರದಂತೆ ಮಾಡಿದ ಪ್ಲಾಸ್ಟಿಕ್ ನೆಲಹಾಸು ಕೂಡ ಚೆನ್ನಾಗಿರುತ್ತದೆ. ಅದರೊಳಗೇ ಗಟ್ಟಿ ಹರಳು ಸೇರಿಸಿರುತ್ತಾರೆ, ಜೋಡಣೆಗಳನ್ನು ಕಾಯಿಸಿ ಬೆಸೆಯುತ್ತಾರೆ. ಸಾಮಾನ್ಯ ವಿನೈಲ್ ಅದಲ್ಲ, ಹುಷಾರು.

ನೆಲದ ಬಣ್ಣ ಒಂದೇ ಇರಲಿ, ಗೋಡೆಗಿಂತ ಬೇರೆ ಇರಲಿ. ಕಣ್ಣು ಮಂಜಾದವರಿಗೆ ಹೊಳೆಯುವ ನೆಲ ನೀರಿನಂತೆ, ಕಪ್ಪು ಚಿತ್ತಾರ ಗುಂಡಿಯಂತೆ ಕಾಣಬಹುದು. ಬಾಗಿಲಲ್ಲಿ ನೀರು ತಡೆಯಲು ಕಟ್ಟುವ ಹೊಸ್ತಿಲು ಬೇಡವೇ ಬೇಡ. ಅದರ ಬದಲು ಬಾಗಿಲ ಉದ್ದಕ್ಕೂ ನೆಲದಲ್ಲಿ ನೀರಿಳಿಯುವ ಜಾಲರಿ ಹಾಕಿಸಿ. ಸುಮ್ನೆ ಹಾಸುವ ಮ್ಯಾಟ್‌ಗಳನ್ನೂ ತೆಗೆದುಬಿಡಿ. ತಳದಲ್ಲಿ ಸಕ್ಷನ್ ಕಪ್ ಇರುವ ಮ್ಯಾಟ್ ಒರಟು ಟೈಲ್ಸಿಗೆ ಅಂಟುವುದಿಲ್ಲ.

ಗಾರೆಯವರು ಕೆಲಸ ಶುರು ಮಾಡುವ ಮುಂಚೆಯೇ ಗೋಡೆಗೆ ಹಾಕುವ ಆಸರೆ ಹಿಡಿಕೆಗಳ ಜಾಗ ಗುರುತು ಮಾಡಿಸಿ. ಕಮೋಡ್ ಪಕ್ಕ, ಸ್ನಾನದ ಜಾಗ, ಬಾಗಿಲು, ಮೂರೂ ಕಡೆ ಬೇಕು. ನೆಲದಿಂದ 33ರಿಂದ 36 ಇಂಚು ಎತ್ತರ ಸಾಮಾನ್ಯವಾಗಿ ಸರಿಹೋಗುತ್ತದೆ, ಆದರೂ ಅಪ್ಪನನ್ನೇ ನಿಲ್ಲಿಸಿ ಕೈ ಎಲ್ಲಿಗೆ ಬರುತ್ತದೆ ನೋಡಿ. ಟವೆಲ್ ರಾಡ್ ಮೈಭಾರ ತಡೆಯುವುದಿಲ್ಲ. ಟೈಲ್ಸ್ ಮುಚ್ಚುವ ಮೊದಲೇ ಹಿಡಿಕೆ ಬರುವ ಕಡೆ ಗೋಡೆ ಗಟ್ಟಿ ಇದೆಯಾ ಅಂತ ನೋಡಿಸಿಬಿಡಿ.