ಹೆಸರಿನ ಜೊತೆ ಮುಖವೂ ಇರಲಿ

ಯುದ್ಧದಲ್ಲಿ ಮಡಿದ ಹಳೆ ವಿದ್ಯಾರ್ಥಿಗಳಿಗೆ ಕಾಲೇಜಿನಲ್ಲಿ ಹೆಸರಿನ ಫಲಕ ಹಾಕಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು ಅಂತಲೇ ನನಗನಿಸುತ್ತದೆ. ಜಪಾನಿನ ಒಕಿನಾವಾದಲ್ಲಿರುವ ಹಿಮೆಯೂರಿ ವಸ್ತುಸಂಗ್ರಹಾಲಯದ ಬಗ್ಗೆ ಒಮ್ಮೆ ಓದಿ. 1945ರಲ್ಲಿ ಅಲ್ಲಿನ ಶಿಕ್ಷಕಿಯರ ತರಬೇತಿ ಶಾಲೆ ಮತ್ತು ಹೆಣ್ಣುಮಕ್ಕಳ ಪ್ರೌಢಶಾಲೆಯಿಂದ 222 ವಿದ್ಯಾರ್ಥಿನಿಯರನ್ನು ಸೇನಾ ಆಸ್ಪತ್ರೆಯ ಕೆಲಸಕ್ಕೆ ಕಳಿಸಿದರು. ಆಸ್ಪತ್ರೆ ಅಂದರೆ ಗುಡ್ಡ ಕೊರೆದ ಕತ್ತಲ ಸುರಂಗ. ಗಾಯಾಳುಗಳ ಆರೈಕೆ, ನೀರು-ಊಟ ಹೊತ್ತು ತರೋದು, ಹೆಣ ಹೂಳೋದು, ಎಲ್ಲ ಈ ಹುಡುಗಿಯರೇ. ಜೂನ್ 18ರಂದು, ಸುತ್ತ ಯುದ್ಧ ನಡೆಯುತ್ತಿರುವಾಗಲೇ, ಇನ್ನು ನಿಮ್ಮ ದಾರಿ ನೀವು ನೋಡಿಕೊಳ್ಳಿ ಅಂದುಬಿಟ್ಟರು. ಸತ್ತವರು 123 ವಿದ್ಯಾರ್ಥಿನಿಯರು, ಹೆಚ್ಚಿನವರು ಆ ಆದೇಶದ ನಂತರವೇ. ನೆನೆದರೆ ಹೊಟ್ಟೆ ಉರಿಯುತ್ತದೆ. ಬದುಕುಳಿದ ಗೆಳತಿಯರೇ ಮುಂದೆ ನಿಂತು 1989ರಲ್ಲಿ ತೆರೆದ ಆ ಜಾಗದಲ್ಲಿ ಗೋಡೆ ತುಂಬ ಮುಖಗಳಿವೆ, ಜೊತೆಗೆ ಯಾರು ಹೇಗೆ ಸತ್ತರು ಅನ್ನೋ ವಿವರ. ನೀವೂ ಮನೆಯವರನ್ನು ಮಾತಾಡಿಸಿ, ಹಳೇ ಗ್ರೂಪ್ ಫೋಟೋ ಹುಡುಕಿ. ಫಲಕ ಆಮೇಲೆ ಮಾಡಿಸಿದರಾಯಿತು.