ಹತ್ತು ವರ್ಷ ಆಗದಿದ್ದರೂ ಪೆನ್ಶನ್ ಇದೆ

ಕೆಲಸದಲ್ಲಿದ್ದಾಗಲೇ ತೀರಿಕೊಂಡ ನಿಮ್ಮ ಭಾವ ಆರು ವರ್ಷವಷ್ಟೇ ಪಿಎಫ್ ಕಟ್ಟಿದ್ದರು, ಹತ್ತು ವರ್ಷ ಆಗದೆ ಅಕ್ಕನಿಗೆ ಪೆನ್ಶನ್ ಬರಲ್ಲ ಅಂತ ಯಾರೋ ಹೇಳಿದರು ಅಂದಿರಲ್ಲ, ಅದು ತಪ್ಪು. ಹತ್ತು ವರ್ಷದ ಲೆಕ್ಕ ಬದುಕಿದ್ದು ನಿವೃತ್ತರಾಗುವವರಿಗೆ. ಕೆಲಸದಲ್ಲಿದ್ದಾಗಲೇ ತೀರಿಕೊಂಡರೆ ಒಂದು ತಿಂಗಳ ವಂತಿಗೆ ಕಟ್ಟಿದ್ದರೂ ಸಾಕು. ಹೆಂಡತಿಗೆ ತಿಂಗಳಿಗೆ ಕನಿಷ್ಠ 1,000 ರೂಪಾಯಿ. ಜೊತೆಗೆ ಇಬ್ಬರು ಮಕ್ಕಳಿಗೆ 25 ವರ್ಷದವರೆಗೆ, ತಲಾ ಅದರ ಕಾಲು ಭಾಗ. ದೊಡ್ಡ ಮೊತ್ತವೇನಲ್ಲ, ಆದರೂ ಬಿಡಬೇಡಿ.

ಜಾಸ್ತಿ ಜನ ಮರೆಯುವುದು ಇಡಿಎಲ್‌ಐ, ಅಂದರೆ ಪಿಎಫ್ ಜೊತೆಗೇ ಬರುವ ಜೀವವಿಮೆ. ಇದರ ಕಂತನ್ನು ಕಂಪನಿಯೇ ಕಟ್ಟುತ್ತದೆ, ಸಂಬಳದ ಚೀಟಿಯಲ್ಲಿ ಕಾಣುವುದಿಲ್ಲ. ಅದಕ್ಕೇ ಯಾರೂ ಕೇಳುವುದಿಲ್ಲ! ಕೊನೆಯ ಒಂದು ವರ್ಷ ಬಿಡದೆ ಕೆಲಸ ಮಾಡಿದ್ದರೆ ಕನಿಷ್ಠ 2.5 ಲಕ್ಷ, ಗರಿಷ್ಠ 7 ಲಕ್ಷ.

ಪಿಎಫ್ ಹಣಕ್ಕೆ ಫಾರ್ಮ್ 20, ಪೆನ್ಶನ್‌ಗೆ 10ಡಿ, ವಿಮೆಗೆ 5ಐಎಫ್. ಮೊದಲು ಆಧಾರ್, ಪಿಎಫ್, ಮರಣ ಪ್ರಮಾಣಪತ್ರದಲ್ಲಿ ಹೆಸರು ಒಂದೇ ಥರ ಇದೆಯಾ ನೋಡಿ. ನಮ್ಮ ಚಿಕ್ಕಮ್ಮ ಒಂದು ಇನಿಷಿಯಲ್‌ಗಾಗಿ ತಿಂಗಳುಗಟ್ಟಲೆ ಅಲೆದರು.

ಹಾಗೇ ಭಾವನ ಬ್ಯಾಂಕ್ ಪಾಸ್‌ಬುಕ್ ತಿರುವಿ ಹಾಕಿ. 436 ರೂಪಾಯಿ ಕಡಿತ ಕಂಡರೆ ಅದು ಕೇಂದ್ರ ಸರ್ಕಾರದ ಜೀವನ್ ಜ್ಯೋತಿ ವಿಮೆ ಇರಬಹುದು, 2 ಲಕ್ಷ ಬರುತ್ತದೆ. ಬ್ಯಾಂಕಿನಲ್ಲೇ ಕೇಳಿ.