ತುಣುಕು ಬೇಡ, ಪೂರ್ತಿ ಕಂತು ನೋಡಿ

ಬ್ರಿಟನ್ನಿನ ಬಿಬಿಸಿಯಲ್ಲಿ ವಾರವಾರ ಬರುತ್ತಿದ್ದ ಪಾಪ್ ಹಾಡುಗಳ ಟಿವಿ ಕಾರ್ಯಕ್ರಮ 'ಟಾಪ್ ಆಫ್ ದ ಪಾಪ್ಸ್' ಬಗ್ಗೆ ಈ ಸಲ ಪತ್ರಗಳು ಜಾಸ್ತಿ ಬಂದಿವೆ. ಬಹುತೇಕ ಎಲ್ಲರೂ ಕೇಳಿರುವುದು 1980ರಿಂದ 83ರವರೆಗಿನ ಕಂತುಗಳ ಬಗ್ಗೆಯೇ. ಹಾಗಾಗಿ ಇಡೀ ಅಂಕಣ ಅದಕ್ಕೇ ಮೀಸಲು.

ಪ್ರಶ್ನೆ: ಮಗಳ ಮನೆಗೆಂದು ಲೀಡ್ಸ್‌ಗೆ ಬಂದಿದ್ದೇನೆ. ಅಳಿಯ ಹಳೇ ಟಾಪ್ ಆಫ್ ದ ಪಾಪ್ಸ್ ಬಿಡದೆ ನೋಡುತ್ತಾರೆ. ಪಕ್ಕದಲ್ಲಿ ಕೂತು ಕೂತು ನನಗೂ ರುಚಿ ಹತ್ತಿದೆ, ಆದರೆ ತಲೆಬುಡ ಅರ್ಥವಾಗಿಲ್ಲ. ಹಾಡುಗಳನ್ನು ಯಾವ ಲೆಕ್ಕದಲ್ಲಿ ಆರಿಸುತ್ತಿದ್ದರು?

ಒಳ್ಳೆ ಪ್ರಶ್ನೆ ಅಮ್ಮಾ, ಇದು ಗೊತ್ತಾದರೆ ನೋಡುವ ಖುಷಿ ಇಮ್ಮಡಿಯಾಗುತ್ತದೆ. ಕಾರ್ಯಕ್ರಮ ಶುರುವಾದದ್ದು 1964ರ ಜನವರಿ 1ರಂದು, ಮ್ಯಾಂಚೆಸ್ಟರಿನಲ್ಲಿ. ಚರ್ಚ್ ಆಗಿದ್ದ ಕಟ್ಟಡವೊಂದನ್ನು ಸ್ಟುಡಿಯೋ ಮಾಡಿಕೊಂಡಿದ್ದರು. ಆಮೇಲೆ ಲಂಡನ್ನಿಗೆ ಬಂತು. ವಾರವಾರದ ಪ್ರಸಾರ ನಿಂತದ್ದು 2006ರ ಜುಲೈನಲ್ಲಿ.

ಲೆಕ್ಕ ಸರಳ. ಆ ವಾರ ಅಂಗಡಿಗಳಲ್ಲಿ ಯಾವ ಸಿಂಗಲ್ (ಒಂದು ಮುಖ್ಯ ಹಾಡಿನ ಚಿಕ್ಕ) ರೆಕಾರ್ಡ್ ಎಷ್ಟು ಮಾರಾಟವಾಯಿತೋ ಅದರ ಮೇಲೆ ಪಟ್ಟಿ. 1982ರ ಕೊನೆಯವರೆಗೂ ಆಯ್ದ ಅಂಗಡಿಯವರು ಮಾರಿದ ರೆಕಾರ್ಡುಗಳನ್ನು ಡೈರಿಯಲ್ಲಿ ಕೈಯಲ್ಲೇ ಬರೆದು ಕಳಿಸುತ್ತಿದ್ದರು. 1983ರ ಜನವರಿಯಿಂದ ಗ್ಯಾಲಪ್ ಸಂಸ್ಥೆ ಆ ಕೆಲಸ ವಹಿಸಿಕೊಂಡಿತು, ಅಂಗಡಿಗಳಿಗೆ ಯಂತ್ರ ಬಂತು. ಮಂಗಳವಾರ ಮಧ್ಯಾಹ್ನ ರೇಡಿಯೋ ಒನ್‌ನಲ್ಲಿ ಹೊಸ ಪಟ್ಟಿ ಓದುತ್ತಿದ್ದರು, ಸಾಮಾನ್ಯವಾಗಿ ಬುಧವಾರ ಚಿತ್ರೀಕರಣ, ಗುರುವಾರ ಸಂಜೆ ಬಿಬಿಸಿ ಒನ್‌ನಲ್ಲಿ ಪ್ರಸಾರ. ಏರುತ್ತಿರುವ ಹಾಡಿಗೆ ಜಾಗ ಉಂಟು, ಇಳಿಯುತ್ತಿರುವುದಕ್ಕೆ ಇಲ್ಲ. ನಂಬರ್ ಒನ್ ಬಿಟ್ಟು ಬೇರೆ ಯಾವ ಹಾಡೂ ಸತತ ಎರಡು ವಾರ ಬರುವಂತಿಲ್ಲ. ಕೊನೆಯಲ್ಲಿ ಬರುವುದು ನಂಬರ್ ಒನ್.

ನಿಮ್ಮ ಅಳಿಯಂದಿರು ನೋಡುವ ಕಂತುಗಳಲ್ಲಿ ಬಲೂನು, ಬಾವುಟ, ಕೇಕೆ ಎಲ್ಲ ಕಾಣುತ್ತವಲ್ಲ, ಅದು ಶುರುವಾದದ್ದು 1980ರ ಆಗಸ್ಟ್ ನಂತರ. ಆ ಬೇಸಿಗೆಯಲ್ಲಿ ಬಿಬಿಸಿ ತನ್ನ ಕೆಲವು ವಾದ್ಯವೃಂದಗಳನ್ನು ಮುಚ್ಚಲು ಹೊರಟಿತ್ತು. ಸಂಗೀತಗಾರರ ಯೂನಿಯನ್ ಮುಷ್ಕರ ಹೂಡಿತು, ಕಾರ್ಯಕ್ರಮ ವಾರಗಟ್ಟಲೆ ನಿಂತುಹೋಯಿತು. ಮತ್ತೆ ಶುರುವಾದಾಗ ನಿರ್ಮಾಪಕ ಮೈಕಲ್ ಹರ್ಲ್ ಅದನ್ನು ಪಾರ್ಟಿಯ ಹಾಗೆ ಮಾಡಿಬಿಟ್ಟರು. 1980ರ ಮೊದಲರ್ಧದ ಒಂದು ಕಂತು, ಕೊನೆಯ ಭಾಗದ ಒಂದು ಕಂತು ಒಟ್ಟಿಗೆ ಹಾಕಿ ನೋಡಿ. ಮೊದಲನೆಯದರಲ್ಲಿ ಹುಡುಗ ಹುಡುಗಿಯರು ಬಸ್ಸಿಗೆ ಕಾದು ನಿಂತವರ ಹಾಗೆ ನಿಂತಿರುತ್ತಾರೆ, ಎರಡನೆಯದರಲ್ಲಿ ಕುಣಿಯುತ್ತಾರೆ.

ಪ್ರಶ್ನೆ: ನನಗೆ 26 ವರ್ಷ, ಊರು ಮೈಸೂರು. ಒಳ್ಳೆ ಹಾಡುಗಳೆಲ್ಲ ಯೂಟ್ಯೂಬಿನಲ್ಲಿ ಬಿಡಿಬಿಡಿಯಾಗಿ ಸಿಗುತ್ತವೆ. ಹಾಗಿರುವಾಗ ಅರ್ಧ ಗಂಟೆ ಕೂತು ಪೂರ್ತಿ ಕಂತು ಯಾಕೆ ನೋಡಬೇಕು ಸರ್? ಮಧ್ಯೆ ಎಷ್ಟೊಂದು ಸಪ್ಪೆ ಹಾಡುಗಳಿರುತ್ತವೆ.

ಆ ಸಪ್ಪೆ ಹಾಡುಗಳಿಗಾಗಿಯೇ ನೋಡಬೇಕು ಅನ್ನುತ್ತೇನೆ. ಇವತ್ತು 80ರ ದಶಕದ ಸಂಗೀತ ಅಂತ ನಮ್ಮ ಕೈಗೆ ಬರುವುದು 40 ವರ್ಷ ಜರಡಿ ಹಿಡಿದು ಉಳಿದದ್ದು. ಸಿಂಥಸೈಜರ್, ಬಣ್ಣದ ಕೂದಲು, ಹತ್ತಿಪ್ಪತ್ತು ದೊಡ್ಡ ಹೆಸರು, ಅಷ್ಟೇ. ಆ ವಾರ ಜನ ನಿಜವಾಗಿ ದುಡ್ಡು ಕೊಟ್ಟು ಕೊಂಡದ್ದು ಏನು ಅನ್ನುವುದು ಕಾಣುವುದು ಪೂರ್ತಿ ಕಂತಿನಲ್ಲಿ ಮಾತ್ರ.

1981ರ ಫೆಬ್ರವರಿ, ಮಾರ್ಚ್ ಕಂತುಗಳನ್ನೇ ತೆಗೆದುಕೊಳ್ಳಿ. ಅಲ್ಟ್ರಾವಾಕ್ಸ್ ತಂಡದ 'ವಿಯೆನ್ನಾ' ಇವತ್ತು ಆ ಕಾಲದ ಶ್ರೇಷ್ಠ ಹಾಡುಗಳಲ್ಲೊಂದು ಅಂತ ಎಲ್ಲರೂ ಒಪ್ಪುತ್ತಾರೆ. ಅದು ನಾಲ್ಕು ವಾರ ಎರಡನೇ ಸ್ಥಾನದಲ್ಲೇ ಸಿಕ್ಕಿಕೊಂಡಿತ್ತು. ಮೊದಲ ವಾರ ಮೇಲಿದ್ದದ್ದು ಎರಡು ತಿಂಗಳ ಹಿಂದಷ್ಟೇ ಕೊಲೆಯಾಗಿದ್ದ ಜಾನ್ ಲೆನನ್ ಅವರ ಹಾಡು. ಆಮೇಲಿನ ಮೂರು ವಾರ ಮೇಲೆ ಕೂತದ್ದು ಜೋ ಡಾಲ್ಚೆ ಎಂಬಾತನ 'ಶಡಪ್ ಯು ಫೇಸ್' ಅನ್ನುವ ತಮಾಷೆ ಹಾಡು. ಬಿಡಿ ತುಣುಕಿನಲ್ಲಿ 'ವಿಯೆನ್ನಾ' ನೋಡಿದವರಿಗೆ ಇದು ಗೊತ್ತಾಗುವುದೇ ಇಲ್ಲ. ವಾರವಾರ ಕಂತು ನೋಡಿ, ಕೊನೆಯಲ್ಲಿ ಮತ್ತೆ ಅದೇ ತಮಾಷೆ ಹಾಡು ಬಂದಾಗ ಹೊಟ್ಟೆಯಲ್ಲಿ ಒಂಥರಾ ಸಂಕಟವಾಗುತ್ತದೆ. ಆಗಿನ ಅಭಿಮಾನಿಗಳಿಗೂ ಹಾಗೇ ಆಗಿರಬೇಕು, ಅಲ್ವಾ?

ಅದೇ ವರ್ಷದ ಜುಲೈಗೆ ಬನ್ನಿ. ಏಪ್ರಿಲಿನಲ್ಲಿ ಲಂಡನ್ನಿನ ಬ್ರಿಕ್ಸ್ಟನ್ ಹೊತ್ತಿ ಉರಿದಿತ್ತು. ಜುಲೈ ಮೊದಲ ವಾರದಲ್ಲಿ ಲಿವರ್‌ಪೂಲಿನ ಟಾಕ್ಸ್ಟೆತ್, ನಮ್ಮ ದೇಶದಿಂದ ಹೋದವರು ತುಂಬಿದ್ದ ಲಂಡನ್ನಿನ ಸೌತಾಲ್ ಎರಡರಲ್ಲೂ ಗಲಭೆ. ಕಾರ್ಖಾನೆಗಳು ಮುಚ್ಚುತ್ತಿದ್ದವು, ಹುಡುಗರಿಗೆ ಕೆಲಸ ಇರಲಿಲ್ಲ. ಆ ಹೊತ್ತಿಗೆ ಸರಿಯಾಗಿ ನಂಬರ್ ಒನ್ ಆದದ್ದು ಕೊವೆಂಟ್ರಿಯ 'ದ ಸ್ಪೆಷಲ್ಸ್' ತಂಡದ 'ಘೋಸ್ಟ್ ಟೌನ್'. ಮುಚ್ಚಿಹೋದ ಕ್ಲಬ್ಬುಗಳ, ಪಾಳುಬಿದ್ದ ಊರಿನ ಹಾಡು ಅದು. ಕರಿಯರು, ಬಿಳಿಯರು ಒಟ್ಟಿಗಿದ್ದ ತಂಡ. ಕೊವೆಂಟ್ರಿಯಲ್ಲಿ ಭಾರತೀಯ ಮೂಲದ ವಿದ್ಯಾರ್ಥಿಯೊಬ್ಬನ ಕೊಲೆಯಾದ ಮೇಲೆ, ಜನಾಂಗ ದ್ವೇಷದ ವಿರುದ್ಧ ಅದೇ ಊರಿನಲ್ಲಿ ಜೂನ್‌ನಲ್ಲಿ ಕಛೇರಿ ಮಾಡಿದ್ದೂ ಇದೇ ತಂಡ. ಮೂರು ವಾರ ಇವರು ಮೇಲಿದ್ದರು. ಇದೇ ಕಾರ್ಯಕ್ರಮಕ್ಕೆ ಬಂದಿದ್ದಾಗ, ಡ್ರೆಸ್ಸಿಂಗ್ ರೂಮಿನಲ್ಲಿ, ತಂಡದ ಮೂವರು ತಾವು ಹೊರಗೆ ಹೋಗುತ್ತೇವೆ ಅಂದುಬಿಟ್ಟರು. ದೇಶಕ್ಕೆಲ್ಲ ನಂಬರ್ ಒನ್ ಆಗಿ ಹಾಡುತ್ತಿರುವ ಆ ಮುಖಗಳನ್ನು ಇದು ಗೊತ್ತಿದ್ದು ನೋಡಿ.

ಅವರ ನಂತರ ಮೇಲೇರಿದ್ದು ಯಾರು? ಶೇಕಿನ್ ಸ್ಟೀವನ್ಸ್, 50ರ ದಶಕದ ಹಳೇ ಹಾಡೊಂದನ್ನು ಹೊಸದಾಗಿ ಹಾಡಿಕೊಂಡು. ಜುಲೈ 29ಕ್ಕೆ ಚಾರ್ಲ್ಸ್ ಡಯಾನಾ ಮದುವೆ. ಗಲಭೆ, ಮದುವೆ, ಖುಷಿಯ ಹಾಡು ಎಲ್ಲ ಒಂದೇ ತಿಂಗಳಲ್ಲಿ. ಜರಡಿ ಹಿಡಿದ ಮೇಲೆ ಈ ಕಲಬೆರಕೆ ಉಳಿಯುವುದಿಲ್ಲ. ಆದರೆ ಜನ ಬದುಕಿದ್ದು ಈ ಕಲಬೆರಕೆಯಲ್ಲೇ ಅಲ್ವಾ? ನನಗಂತೂ ಇದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇತಿಹಾಸ ಪುಸ್ತಕ ಸಿಕ್ಕಿಲ್ಲ.

ಪ್ರಶ್ನೆ: ಅಲ್ಲಿ ಯಾರೂ ನಿಜವಾಗಿ ಹಾಡುತ್ತಿರಲಿಲ್ಲವಂತೆ, ಸುಮ್ನೆ ತುಟಿ ಆಡಿಸುತ್ತಿದ್ದರಂತೆ. ಅಂಥದ್ದನ್ನು ಏನು ನೋಡುವುದು? — ಹುಬ್ಬಳ್ಳಿಯಿಂದ

ಬಹುಪಾಲು ತುಟಿ ಆಡಿಸುತ್ತಿದ್ದದ್ದು ನಿಜ. ಗಿಟಾರನ್ನು ಹತ್ತಿರದಿಂದ ತೋರಿಸಿದಾಗ ಕೆಳಗೆ ನೋಡಿ, ಎಷ್ಟೋ ಸಲ ವೈರೇ ಇರುವುದಿಲ್ಲ. ಡ್ರಮ್ಮಿನವರ ಕೈ ಒಂದು ಕಡೆ, ಸದ್ದು ಒಂದು ಕಡೆ. ಯೂನಿಯನ್ ಜೊತೆಗಿನ ಒಪ್ಪಂದದ ಪ್ರಕಾರ ಅಂಗಡಿಯಲ್ಲಿ ಮಾರುವ ರೆಕಾರ್ಡನ್ನೇ ಹಾಕುವಂತಿರಲಿಲ್ಲ, ತಂಡದವರು ಕಾರ್ಯಕ್ರಮಕ್ಕೆಂದೇ ಹಾಡನ್ನು ಮತ್ತೆ ರೆಕಾರ್ಡ್ ಮಾಡಬೇಕಿತ್ತು. ಕೆಲವರು ಹಾಗೇ ಮಾಡುತ್ತಿದ್ದರು. ಇನ್ನು ಕೆಲವರು ಹಳೇ ಟೇಪನ್ನೇ ಹೊಸದು ಅಂತ ಕೊಟ್ಟುಬಿಡುತ್ತಿದ್ದರು. 1983ರಲ್ಲಿ 'ನ್ಯೂ ಆರ್ಡರ್' ತಂಡ ಮಾತ್ರ ನೇರವಾಗಿಯೇ ನುಡಿಸುತ್ತೇವೆ ಅಂತ ಹಟ ಹಿಡಿದು 'ಬ್ಲೂ ಮಂಡೇ' ನುಡಿಸಿತು. ಒರಟಾಗಿದೆ, ಯಂತ್ರಗಳು ಸರಿಯಾಗಿ ಮಾತು ಕೇಳಿಲ್ಲ, ಆದರೂ ನನಗೆ ಬಹಳ ಇಷ್ಟ.

ಆದರೆ ಹಾಡುವುದಷ್ಟೇ ಮುಖ್ಯವಾಗಿದ್ದರೆ ರೇಡಿಯೋ ಸಾಕಿತ್ತಲ್ಲ. 1982ರ ಸೆಪ್ಟೆಂಬರಿನಲ್ಲಿ ಬರಬೇಕಿದ್ದವರೊಬ್ಬರು ಹುಷಾರಿಲ್ಲ ಅಂತ ತಪ್ಪಿಸಿಕೊಂಡಾಗ, ಪಟ್ಟಿಯಲ್ಲಿ ಬಹಳ ಕೆಳಗಿದ್ದ 'ಕಲ್ಚರ್ ಕ್ಲಬ್' ತಂಡವನ್ನು ಕರೆಸಿದರು. ಬಾಯ್ ಜಾರ್ಜ್ ಜಡೆಗೆ ರಿಬ್ಬನ್ ಕಟ್ಟಿ, ಮುಖಕ್ಕೆ ಬಣ್ಣ ಹಚ್ಚಿ, ನಿಧಾನಕ್ಕೆ ತೂಗಾಡುತ್ತಾ ಹಾಡಿದರು. ಇದು ಹುಡುಗನಾ, ಹುಡುಗಿಯಾ ಅಂತ ಮರುದಿನ ಬ್ರಿಟನ್ನಿಡೀ ಮಾತು. ಅಕ್ಟೋಬರಿಗೆ ಹಾಡು ನಂಬರ್ ಒನ್. ತುಟಿ ಆಡಿಸಿದ್ದಕ್ಕೆ ಅದರ ಬಲವೇನೂ ಕಡಿಮೆಯಾಗಲಿಲ್ಲ.

ಇನ್ನೊಂದು ಮಾತು. ಬರಲಾಗದ ಗಾಯಕರ ಹಾಡಿಗೆ ಕುಣಿಯುತ್ತಿದ್ದ ನೃತ್ಯಗಾತಿಯರನ್ನು ಗೇಲಿ ಮಾಡುವವರು ಜಾಸ್ತಿ. 1981ರವರೆಗೆ 'ಲೆಗ್ಸ್ ಅಂಡ್ ಕೋ', ಆಮೇಲೆ 1983ರವರೆಗೆ 'ಝೂ'. ನೃತ್ಯ ಸಂಯೋಜಕಿ ಫ್ಲಿಕ್ ಕೋಲ್ಬಿ. ಪಟ್ಟಿ ಬರುವುದು ಮಂಗಳವಾರ, ಪ್ರಸಾರ ಗುರುವಾರ. ಅಷ್ಟರೊಳಗೆ ಹೆಜ್ಜೆ, ಬಟ್ಟೆ ಎಲ್ಲ ಸಿದ್ಧವಾಗಬೇಕು, ಅದೂ ವಾರವಾರ. ಗೌರವ ಕೊಟ್ಟು ನೋಡಿ ದಯವಿಟ್ಟು.

ಪ್ರಶ್ನೆ: ನಮ್ಮ ಕಡೆಯವರು ಯಾರಾದರೂ ಇದ್ದರಾ? — ಮಡಿಕೇರಿಯಿಂದ

ಮಡಿಕೇರಿಯವರೇ ಕೇಳಿದಿರಲ್ಲ, ಖುಷಿಯಾಯಿತು. ಬೆಂಗಳೂರಿನಲ್ಲಿ ಹುಟ್ಟಿದ ಕೊಡವ, ಬಿದ್ದು ಅಪ್ಪಯ್ಯ. ಜಮೈಕಾ ಮೂಲದ ಕಾರ್ಲ್ ಡಗ್ಲಸ್ ಹಾಡಿದ 'ಕುಂಗ್ ಫೂ ಫೈಟಿಂಗ್' ಬಿದ್ದು ಅವರ ನಿರ್ಮಾಣ. 1974ರಲ್ಲಿ ಬ್ರಿಟನ್ನಿನಲ್ಲಿ ನಂಬರ್ ಒನ್. ಅದನ್ನು ರೆಕಾರ್ಡಿನ ಹಿಂಬದಿಗೆ ಅಂತ ಅವಸರದಲ್ಲಿ ಮುಗಿಸಿದ್ದರು! 1976ರಲ್ಲಿ ಟೀನಾ ಚಾರ್ಲ್ಸ್ ಅವರ ಹಾಡಿನೊಂದಿಗೆ ಮತ್ತೊಮ್ಮೆ ನಂಬರ್ ಒನ್.

ನೀವು ಕೇಳಿದ 80ರ ಹೊತ್ತಿಗೆ ಬಿದ್ದು ಲಂಡನ್ನಿನಲ್ಲಿ ಕೂತು ಬೇರೆಯದೇ ಕೆಲಸ ಮಾಡುತ್ತಿದ್ದರು. ನಾಜಿಯಾ ಹಸನ್ ಎಂಬ ಹುಡುಗಿಯಿಂದ 1980ರಲ್ಲಿ 'ಆಪ್ ಜೈಸಾ ಕೋಯಿ', 1981ರಲ್ಲಿ 'ಡಿಸ್ಕೋ ದೀವಾನೆ' ಹಾಡಿಸಿದರು. ನಮ್ಮಲ್ಲಿ ಮದುವೆ ಮನೆಗಳಲ್ಲೂ ಅದೇ ಹಾಡು. ಟಾಪ್ ಆಫ್ ದ ಪಾಪ್ಸ್‌ನಲ್ಲಿ ಮಾತ್ರ ಅದರ ಸುಳಿವೇ ಇಲ್ಲ. ಏಷ್ಯನ್ನರ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದ ಕ್ಯಾಸೆಟ್ಟು ಪಟ್ಟಿಯ ಲೆಕ್ಕಕ್ಕೆ ಬರುತ್ತಿರಲಿಲ್ಲ. ಜನ ಕೊಂಡದ್ದು ಕಾಣುತ್ತದೆ ಅಂತ ಮೇಲೆ ಹೇಳಿದೆನಲ್ಲ, ಯಾವ ಅಂಗಡಿಯ ಜನ ಅನ್ನುವುದನ್ನೂ ಕೇಳಿಕೊಳ್ಳಬೇಕು.

1982ರಲ್ಲಿ 'ಮಾನ್ಸೂನ್' ತಂಡದ 'ಎವರ್ ಸೋ ಲೋನ್ಲಿ' 12ನೇ ಸ್ಥಾನಕ್ಕೆ ಬಂತು. ಹಾಡಿದವರು ಲಂಡನ್ನಿನಲ್ಲಿ ಹುಟ್ಟಿದ ಭಾರತೀಯ ಮೂಲದ ಶೀಲಾ ಚಂದ್ರ, ಇನ್ನೂ ಹದಿಹರೆಯ. ಸಿತಾರ್, ತಬಲಾದ ಜೊತೆ ಪಾಪ್. ಆ ವರ್ಷದ ಉಳಿದ ಹಾಡುಗಳ ನಡುವೆ ಇಟ್ಟು ಕೇಳಿ, ಎಷ್ಟು ಬೇರೆಯಾಗಿತ್ತು ಅಂತ ತಿಳಿಯುತ್ತದೆ.

ಪ್ರಶ್ನೆ: ಮರುಪ್ರಸಾರದಲ್ಲಿ ಎಷ್ಟೋ ವಾರಗಳು ಕಾಣೆಯಾಗಿವೆ. ಟೇಪು ಹಾಳಾಗಿದೆಯೇ?

1960ರ ದಶಕದ ಕಂತುಗಳಲ್ಲಿ ಬಹುಪಾಲು ಹೋಗಿಬಿಟ್ಟಿವೆ. ಟೇಪು ದುಬಾರಿ, ಅಳಿಸಿ ಮತ್ತೆ ಬಳಸುತ್ತಿದ್ದರು. 80ರ ದಶಕದ ಕತೆ ಬೇರೆ, ಟೇಪುಗಳು ಇವೆ. ಬಿಬಿಸಿ ಫೋರ್ 2011ರಲ್ಲಿ 1976ರ ಕಂತುಗಳಿಂದ ಮರುಪ್ರಸಾರ ಶುರು ಮಾಡಿತು. 2012ರಲ್ಲಿ ಈ ಕಾರ್ಯಕ್ರಮದ ನಿರೂಪಕನಾಗಿದ್ದ ಜಿಮ್ಮಿ ಸ್ಯಾವಿಲ್ ದಶಕಗಳ ಕಾಲ ಮಕ್ಕಳ ಮೇಲೆ, ಹೆಣ್ಣುಮಕ್ಕಳ ಮೇಲೆ ನಡೆಸಿದ ಲೈಂಗಿಕ ದೌರ್ಜನ್ಯ ಹೊರಬಿತ್ತು. ಅಷ್ಟು ಹೊತ್ತಿಗೆ ಅವನು ಸತ್ತು ವರ್ಷವಾಗಿತ್ತು. ಅವನು ನಿರೂಪಿಸಿದ ಕಂತುಗಳನ್ನು ಬಿಬಿಸಿ ಅಲ್ಲಿಂದ ಹಾಕುವುದಿಲ್ಲ. ಮುಂದೆ ಕೋರ್ಟಿನಲ್ಲಿ ಶಿಕ್ಷೆಯಾದ ಇನ್ನೊಬ್ಬ ನಿರೂಪಕನ ಕಂತುಗಳೂ ಇಲ್ಲ.

ಇತಿಹಾಸ ಅಳಿಸಿದ ಹಾಗಾಯಿತು ಅಂತ ಕೆಲವರು ಬೇಸರಪಡುತ್ತಾರೆ. ನಾನು ಒಪ್ಪುವುದಿಲ್ಲ. ಸ್ಯಾವಿಲ್‌ನಿಂದ ನೊಂದವರಲ್ಲಿ ಈ ಕಾರ್ಯಕ್ರಮಕ್ಕೆ ಬಂದವರೂ ಇದ್ದರು ಅಂತ ಬಿಬಿಸಿಯೇ ತನಿಖೆಗೆ ನೇಮಿಸಿದ್ದ ಡೇಮ್ ಜಾನೆಟ್ ಸ್ಮಿತ್ ಅವರ 2016ರ ವರದಿ ಹೇಳಿತು. ಅವರ ಮನೆಯ ಟಿವಿಯಲ್ಲಿ ಶುಕ್ರವಾರ ರಾತ್ರಿ ಆ ಮುಖ ನಗುತ್ತಾ ಬರಬೇಕಾ? ಟೇಪು ಉಗ್ರಾಣದಲ್ಲಿರಲಿ, ಸಂಶೋಧಕರು ನೋಡಲಿ. ಪ್ರಸಾರವಾಗುವ ಕಂತುಗಳಲ್ಲೂ ಕೆಲವು ನಿರೂಪಕರು ಹುಡುಗಿಯರ ಹೆಗಲ ಮೇಲೆ ಕೈ ಹಾಕಿ ಮಾತಾಡುವುದು ಕಾಣುತ್ತದೆ. ಆಗ ಅದನ್ನು ತಪ್ಪು ಅಂತ ಹೇಳಿದವರು ಕಡಿಮೆ. ಹಾಡಿನ ಖುಷಿಯ ಜೊತೆಗೇ ಇದನ್ನೂ ಕಣ್ಣು ಬಿಟ್ಟು ನೋಡಬೇಕು.

ಪ್ರಶ್ನೆ: ಹಳೇ ಕಂತುಗಳಲ್ಲಿ ಯಾರಾದರೂ ಬೇಗ ಅಲ್ಲಾಡಿದರೆ ಅಂಚಿನಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಗೆರೆ ಬರುತ್ತದೆ. ನನ್ನ ಟಿವಿ ಕೆಟ್ಟಿದೆಯಾ?

ಟಿವಿಗೆ ಏನೂ ಆಗಿಲ್ಲ. ಆಗಿನ ಬ್ರಿಟಿಷ್ ಟಿವಿ ಚಿತ್ರ 625 ಗೆರೆಗಳದ್ದು. ಸೆಕೆಂಡಿಗೆ 50 ಸಲ, ಒಮ್ಮೆ ಬೆಸ ಗೆರೆ, ಒಮ್ಮೆ ಸರಿ ಗೆರೆ ಅಂತ ಕಳಿಸುತ್ತಿದ್ದರು. ಎರಡನ್ನೂ ಸುಮ್ನೆ ಒಂದೇ ಚಿತ್ರಕ್ಕೆ ಸೇರಿಸಿದರೆ ಆ ಹಲ್ಲು ಕಾಣುತ್ತದೆ. ಕಂಪ್ಯೂಟರಿನಲ್ಲಿ ನೋಡುವುದಾದರೆ ಪ್ಲೇಯರಿನ ಡಿಇಂಟರ್‌ಲೇಸ್ ಆಯ್ಕೆ ಹಾಕಿ. ಚಿತ್ರ ಅಡ್ಡಕ್ಕೆ ಎಳೆದು ಎಲ್ಲರೂ ದಪ್ಪ ಕಾಣುತ್ತಿದ್ದರೆ 4:3ಕ್ಕೆ ಬದಲಿಸಿ.

ಪ್ರಶ್ನೆ: ಎಲ್ಲಿಂದ ಶುರು ಮಾಡಲಿ?

1981ರ ಸೆಪ್ಟೆಂಬರಿನಿಂದ ಕ್ರಿಸ್ಮಸ್‌ವರೆಗೆ, ಸಿಕ್ಕಷ್ಟು ಕಂತು, ಬಿಡದೆ, ವಾರದ ಕ್ರಮದಲ್ಲೇ. ಸಾಫ್ಟ್ ಸೆಲ್ ಮೇಲಿರುತ್ತಾರೆ, ಅವರನ್ನು ಆಡಮ್ ಅಂಡ್ ದ ಆಂಟ್ಸ್ ಇಳಿಸುತ್ತಾರೆ. ಆಮೇಲೆ ಡೇವ್ ಸ್ಟೀವರ್ಟ್ ಮತ್ತು ಬಾರ್ಬರಾ ಗ್ಯಾಸ್ಕಿನ್ ಜೋಡಿ, ಒಂದು ವಾರ 'ದ ಪೊಲೀಸ್' ಎಂಬ ಹೆಸರಿನ ತಂಡ, ಎರಡು ವಾರ ಕ್ವೀನ್ ಮತ್ತು ಡೇವಿಡ್ ಬೋವಿ. ಅವರನ್ನು ಕೆಳಗಿಳಿಸಿದವರು ಯಾರು ಗೊತ್ತಾ, ಸ್ಪೇನಿನ ಹೂಲಿಯೋ ಇಗ್ಲೇಸಿಯಸ್! ಅವರದೂ ಒಂದೇ ವಾರ, ಆಮೇಲೆ ಹ್ಯೂಮನ್ ಲೀಗ್ ಐದು ವಾರ. ಬ್ರಿಟನ್ನಿನಲ್ಲಿ ಇರುವವರು ಬಿಬಿಸಿಯ ಆನ್‌ಲೈನ್ ಸೇವೆ ಐಪ್ಲೇಯರಿನಲ್ಲಿ ಹುಡುಕಿ, ಟಿವಿ ಲೈಸೆನ್ಸ್ ಬೇಕು. ನೋಡುವಾಗ ಹಾಡುವವರ ಹಿಂದಿನ ಗುಂಪನ್ನೂ ಗಮನಿಸಿ. ಕ್ಯಾಮೆರಾ ಉರುಳಿ ಬಂದಾಗ ಗಡಬಡಿಸಿ ಪಕ್ಕಕ್ಕೆ ಸರಿಯುವ ಹುಡುಗರು, ಎದುರಿಗೇ ಗಾಯಕ ಇದ್ದರೂ ತಮ್ಮ ಮುಖ ಬಂತಾ ಅಂತ ಮೇಲಿನ ಮಾನಿಟರ್ ನೋಡುವ ಹುಡುಗಿಯರು. ಯಾವ ವಾರದ ಯಾವ ಹಾಡು ಹಿಡಿಸಿತು ಅಂತ ಬರೆದು ಕಳಿಸಿ, ಮುಂದಿನ ಸಲ ಅದನ್ನೇ ಮಾತಾಡೋಣ.